ಚಿಕಿತ್ಸೆ ಮುಗಿಸಿದ ಹೆಣ್ಣುಮಗಳು ಯಾವ ಮನೆಗೆ ಮರಳಬೇಕು? ಸಾಮಾಜಿಕ ನ್ಯಾಯ ಸಚಿವರಿಗೆ ಕಾಸರಗೋಡಿನಿಂದ ಬಹಿರಂಗ ಪತ್ರ

ಕೇರಳ ಸರಕಾರದ ಸನ್ಮಾನ್ಯ ಸಾಮಾಜಿಕ ನ್ಯಾಯ ಸಚಿವರಿಗೆ,

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬದಿಯಡ್ಕ ಕಡೆಯ ಸಬ್‌ಸೆಂಟರುಗಳಲ್ಲಿ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಕುಡಿತದಿಂದಲೋ ಮಾದಕವಸ್ತುಗಳಿಂದಲೋ ಹೊರಬರಲು ಹೆಣಗುತ್ತಿರುವ ಹೆಂಗಸರು ಚಿಕಿತ್ಸೆಯ ಬಳಿಕ ಕೆಲವು ತಿಂಗಳ ಕಾಲ ಮಕ್ಕಳೊಂದಿಗೆ ನಿರ್ಭಯವಾಗಿ ಇರಬಹುದಾದ ಒಂದು ಮನೆಯನ್ನು ಮಂಜೇಶ್ವರ ಅಥವಾ ಕಾಸರಗೋಡು ತಾಲೂಕಿನಲ್ಲಿ ತೆರೆಯಬೇಕೆಂದು ತಮ್ಮನ್ನು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮನೆಭೇಟಿಯ ದಿನಗಳಲ್ಲಿ ನನಗೆ ಪರಿಚಯವಾದ ಒಬ್ಬಾಕೆ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಮೈಕೈ ನೋವು ಮರೆತು ನಿದ್ದೆ ಬರಲೆಂದು ಗಂಡನ ಬಾಟಲಿಯಿಂದಲೇ ಒಂದು ಗುಟುಕು ಕುಡಿಯಲು ಶುರು ಮಾಡಿದವಳಿಗೆ ಎರಡು ಮೂರು ವರ್ಷಗಳಲ್ಲಿ ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವ ಸ್ಥಿತಿ ಬಂತು. ಬಹಳ ಮಾತುಕತೆಯ ಮೇಲೆ ಆಸ್ಪತ್ರೆಗೆ ಸೇರಿದಳು. ಮೂರು ವಾರ ಕಳೆದು ಬಸ್ಸಿನಿಂದ ಇಳಿದಾಗ ಅವಳ ಮುಖದಲ್ಲಿ ನಾನು ಅದುವರೆಗೆ ಕಾಣದ ಗೆಲುವಿತ್ತು. ಆದರೆ ಅವಳು ಮರಳಿದ್ದು ಅದೇ ಮನೆಗೆ. ಸಂಜೆಯಾದರೆ ಗಂಡ ಮತ್ತು ಅವನ ಜೊತೆಗಾರರು ಜಗಲಿಯಲ್ಲಿ ಕುಡಿಯಲು ಕೂರುತ್ತಿದ್ದರು. ತಂಗಿಯ ಮದುವೆಯ ಮಾತುಕತೆ ನಡೆಯುತ್ತಿದೆ, ಸದ್ಯ ಬರಬೇಡ ಎಂದು ತವರಿನವರು ಹೇಳಿ ಕಳುಹಿಸಿದ್ದರು. ನಲವತ್ತು ದಿನ ತಡೆದುಕೊಂಡಳು. ಆಮೇಲೆ ಅವಳ ಮಗುವನ್ನು ನಾದಿನಿಯ ಮನೆಗೆ ಕಳುಹಿಸಲಾಯಿತು. "ನರ್ಸಕ್ಕಾ, ಆಸ್ಪತ್ರೆಯಲ್ಲಿ ಕುಡಿಯದೆ ಇರುವುದು ನನಗೆ ಕಷ್ಟವಾಗಲಿಲ್ಲ. ಮನೆಯಲ್ಲಿ ಸಂಜೆ ಕಳೆಯುವುದೇ ಕಷ್ಟ" ಎಂದು ಅವಳು ಹೇಳಿದ ಮಾತು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ಚಿಕಿತ್ಸೆ ಕೊಟ್ಟವರಲ್ಲಿ ಲೋಪವಿರಲಿಲ್ಲ, ಅವಳಲ್ಲಿ ಛಲವಿಲ್ಲದೆಯೂ ಇರಲಿಲ್ಲ. ಅವಳನ್ನು ಕಳುಹಿಸಲು ಬೇರೊಂದು ಮನೆ ನನ್ನ ಕೈಯಲ್ಲಿ ಇರಲಿಲ್ಲ.

ಕುಡಿತ ನಿಲ್ಲಿಸಿದಾಗ ಕಾಣಿಸುವ ನಡುಕ, ಬೆವರು, ಭ್ರಮೆ, ಕೆಲವರಿಗೆ ಬರುವ ಫಿಟ್ಸ್, ಇವೆಲ್ಲ ಹೆಚ್ಚಾಗಿ ಒಂದು ವಾರದೊಳಗೆ ಔಷಧಿಯಿಂದ ಹತೋಟಿಗೆ ಬರುತ್ತವೆ. ನಿದ್ದೆ ಮತ್ತು ಮನಸ್ಸು ಸ್ಥಿಮಿತಕ್ಕೆ ಬರಲು, ಬೇಕೆನ್ನುವ ಸೆಳೆತ ತಗ್ಗಲು ತಿಂಗಳುಗಳೇ ಬೇಕು. ಹೆಂಗಸರ ದೇಹದಲ್ಲಿ ನೀರಿನಂಶ ಕಡಿಮೆ ಇರುವುದರಿಂದ ಅಷ್ಟೇ ಪ್ರಮಾಣದ ಮದ್ಯ ಅವರ ರಕ್ತದಲ್ಲಿ ಹೆಚ್ಚು ಸಾಂದ್ರವಾಗಿ ಸೇರುತ್ತದೆ. ಮೊದಲ ಗುಟುಕಿನಿಂದ ಚಟದವರೆಗಿನ ದಾರಿಯನ್ನು ಅವರು ಗಂಡಸರಿಗಿಂತ ಬೇಗ ಸವೆಸಿಬಿಡುತ್ತಾರೆ. ಇಷ್ಟಾದರೂ ಯೋಜನೆಗಳನ್ನು ರೂಪಿಸುವಾಗ ಅವರ ಸಂಖ್ಯೆ ಕಡಿಮೆ ಎಂಬ ಮಾತು ಮೊದಲು ಬರುತ್ತದೆ. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಮನೆಗೆ ಬಂದ ಅಪರಿಚಿತರ ಎದುರು, ಅತ್ತೆ ಪಕ್ಕದಲ್ಲಿ ನಿಂತಿರುವಾಗ, ನಾನು ಕುಡಿಯುತ್ತೇನೆ ಎಂದು ಯಾವ ಸೊಸೆ ಹೇಳಿಯಾಳು? ಅದೇ ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ತಿಳಿಸಿದೆ: ಮದ್ಯದ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಏನಾದರೊಂದು ಚಿಕಿತ್ಸೆ ದೊರೆತಿದೆ. ಆ ಒಬ್ಬರು ಹೆಂಗಸಾಗಿರುವ ಸಂಭವ ಎಷ್ಟು ಅಪರೂಪ ಎಂಬುದನ್ನು ಕ್ಷೇತ್ರದಲ್ಲಿ ನಡೆದವರು ಬಲ್ಲರು.

ಸರಕಾರ ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. 2016ರಲ್ಲಿ ಆರಂಭವಾದ, ರಾಜ್ಯದ ವ್ಯಸನವಿರೋಧಿ ಯೋಜನೆಯಾದ ವಿಮುಕ್ತಿ ಮಿಷನ್ ಎಲ್ಲ ಜಿಲ್ಲೆಗಳಲ್ಲೂ ಚಿಕಿತ್ಸೆಯ ವ್ಯವಸ್ಥೆ ತಂದಿದೆ. ನಮ್ಮ ಜಿಲ್ಲೆಯ ಕೇಂದ್ರ ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿದೆ. ಕರ್ನಾಟಕದ ಗಡಿಯಲ್ಲಿರುವ ತಲಪಾಡಿಯಿಂದ ನೀಲೇಶ್ವರಕ್ಕೆ ಸುಮಾರು 75 ಕಿಲೋಮೀಟರ್. ದೂರವನ್ನಾದರೂ ಹೇಗೋ ಸಹಿಸಬಹುದು, ಭಾಷೆಯ ತೊಡಕು ಅದಕ್ಕಿಂತ ದೊಡ್ಡದು. ತುಳು, ಕನ್ನಡ, ಬ್ಯಾರಿ, ಮರಾಠಿ, ಕೊಂಕಣಿ ಮನೆಮಾತಿನ ಹೆಂಗಸರು ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸುತ್ತಾರೆ, ನಿಜ. ಆದರೆ ಮಗುವಿಗೆ ಹಾಲೂಡಿಸುವ ಹೊತ್ತಿನಲ್ಲಿ ತಾನು ಅಮಲಿನಲ್ಲಿದ್ದೆ ಎಂದು ಒಪ್ಪಿಕೊಳ್ಳುವುದು ವ್ಯವಹಾರದ ಮಾತಲ್ಲ. ಅಂಥ ಮಾತು ಹೊರಬರುವುದು ತಾಯಿ ಕಲಿಸಿದ ಭಾಷೆಯಲ್ಲೇ. ಕೌನ್ಸೆಲರ್ ಎದುರು ಬರೇ ತಲೆಯಾಡಿಸಿ ಎದ್ದುಬಂದವರನ್ನು ನಾನು ಕಂಡಿದ್ದೇನೆ.

ಮಂಗಳೂರು ಹತ್ತಿರವಿದೆಯಲ್ಲ ಎನ್ನಬಹುದು. ನಾವು ಆಸ್ಪತ್ರೆಗಳಿಗಾಗಿ ಅಲ್ಲಿಗೇ ಹೋಗುತ್ತೇವೆ, ಆ ಊರಿನ ಋಣ ನಮ್ಮ ಮೇಲಿದೆ. ಆದರೆ 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ರೋಗಿಗಳು ದಾರಿಯಲ್ಲೇ ಸಿಕ್ಕಿಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ನಮ್ಮ ರಾಜ್ಯದ ಪ್ರಜೆಗಳ ಆರೈಕೆ ನಮ್ಮ ರಾಜ್ಯದಲ್ಲೇ ಆಗಬೇಕು.

ನಾನು ಕೇಳುತ್ತಿರುವುದು ಕಾನೂನಿಗೆ ಹೊರತಾದದ್ದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಆಸ್ಪತ್ರೆ ಮತ್ತು ಮನೆಯ ನಡುವಿನ ಇಂಥ ತಂಗುಮನೆಗಳನ್ನು ಒದಗಿಸುವ ಹೊಣೆಯನ್ನು ಅದರ 18ನೆಯ ಸೆಕ್ಷನ್ ಸರಕಾರದ ಮೇಲೆ ಇಟ್ಟಿದೆ. ಚಿಕಿತ್ಸೆ, ಪುನರ್ವಸತಿಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದು 21ನೆಯ ಸೆಕ್ಷನ್ ಹೇಳುತ್ತದೆ. ನಾನು ಹೇಳಿದ ಹೆಂಗಸಿನ ಮಗುವಿಗೆ ಆಗ ಎರಡು ವರ್ಷ ತುಂಬಿತ್ತಷ್ಟೆ.

ಮನೆಯೊಂದು ಏನು ಮಾಡಬಲ್ಲದು ಎಂಬುದಕ್ಕೆ ಆಧಾರವೂ ಇದೆ. ಅಮೆರಿಕದಲ್ಲಿ 1975ರಲ್ಲಿ ಆರಂಭವಾದ ಆಕ್ಸ್‌ಫರ್ಡ್ ಹೌಸ್ ಎಂಬ ವ್ಯವಸ್ಥೆಯಲ್ಲಿ ಚಟ ಬಿಟ್ಟವರೇ ಬಾಡಿಗೆ ಹಂಚಿಕೊಂಡು, ತಮ್ಮೊಳಗಿಂದಲೇ ಪದಾಧಿಕಾರಿಗಳನ್ನು ಆರಿಸಿಕೊಂಡು ಮನೆ ನಡೆಸುತ್ತಾರೆ. ಇಲಿನಾಯ್ ರಾಜ್ಯದಲ್ಲಿ ಚಿಕಿತ್ಸೆ ಮುಗಿಸಿದ 150 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಇಂಥ ಮನೆಗಳಿಗೂ ಇನ್ನೊಂದನ್ನು ಎಂದಿನ ವ್ಯವಸ್ಥೆಗೂ ಕಳುಹಿಸಿ ನೋಡಿದಾಗ, ಎರಡು ವರ್ಷಗಳ ಬಳಿಕ ಮತ್ತೆ ಚಟಕ್ಕೆ ಬಿದ್ದವರು ಮೊದಲ ಗುಂಪಿನಲ್ಲಿ ಶೇ. 31ರಷ್ಟಿದ್ದರೆ ಎರಡನೆಯದರಲ್ಲಿ ಶೇ. 65ರಷ್ಟಿದ್ದರು. ನಮ್ಮ ಕಡೆಯ ಮದ್ಯವರ್ಜನ ಶಿಬಿರಗಳೂ ಇದೇ ಪಾಠ ಕಲಿಸಿವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಒಬ್ಬರನ್ನೊಬ್ಬರು ಕಾಯುತ್ತಾ ಇರುವಾಗ ಬಿಟ್ಟದ್ದು ಉಳಿಯುತ್ತದೆ. ಆದರೆ ಊರಿನ ಶಾಲೆಯಲ್ಲೋ ಸಭಾಭವನದಲ್ಲೋ ಎಲ್ಲರ ಕಣ್ಣೆದುರು ನಡೆಯುವ ಶಿಬಿರಕ್ಕೆ ಬಂದು ಕೂರುವ ಧೈರ್ಯ ನಮ್ಮ ಹೆಂಗಸರಿಗೆ ಇನ್ನೂ ಬಂದಿಲ್ಲ.

ಹಾಗಾಗಿ ನಾನು ಬಯಸುವ ಮನೆ ದೊಡ್ಡದಲ್ಲ. ಎಂಟು ಹತ್ತು ಹೆಂಗಸರು, ಅವರ ಮಕ್ಕಳು, ನಡೆದು ಹೋಗುವಷ್ಟು ದೂರದಲ್ಲಿ ಅಂಗನವಾಡಿ ಮತ್ತು ಶಾಲೆ, ಕನ್ನಡ ತುಳು ಬಲ್ಲ ಒಬ್ಬ ಕೌನ್ಸೆಲರ್. ಆರು ತಿಂಗಳಿಗಿಂತ ಕಡಿಮೆ ಅವಧಿ ನಿಗದಿ ಮಾಡಬಾರದು. ಗೇಟಿಗೆ ಬೀಗ ಹಾಕಬಾರದು. ಬೀಗ ಹಾಕಿದ ದಿನ ಅದು ಜೈಲಾಗುತ್ತದೆ. ಹೊರಗೆ 'ವ್ಯಸನಮುಕ್ತಿ ಕೇಂದ್ರ' ಎಂಬ ಬೋರ್ಡು ಬೇಡ. ಮತ್ತೆ ಕುಡಿದವರನ್ನು ಆ ಅಮೆರಿಕದ ಮನೆಗಳಲ್ಲಿ ಹೊರಗೆ ಕಳುಹಿಸುತ್ತಾರೆ. ನಮ್ಮಲ್ಲಿ ಆ ನಿಯಮ ಬೇಡವೆಂದು ನನ್ನ ಅಭಿಪ್ರಾಯ. ಕೈಯಲ್ಲಿ ಮಗು ಹಿಡಿದ ಹೆಂಗಸನ್ನು ರಾತ್ರಿ ಬೀದಿಗೆ ಬಿಡುವ ಬದಲು ಆಸ್ಪತ್ರೆಗೆ ಸೇರಿಸಿ, ಅವಳ ಹಾಸಿಗೆಯನ್ನು ಅವಳಿಗಾಗಿಯೇ ಉಳಿಸಿಡಬೇಕು. ಎಂಡಿಎಂಎ ಎಂಬ ರಾಸಾಯನಿಕ ಮಾದಕವಸ್ತುವಿನ ಬಲೆಗೆ ಬಿದ್ದ ಕಾಲೇಜು ಹುಡುಗಿಯರು ಪೊಲೀಸ್ ಕೇಸಿನ ಹೆದರಿಕೆಯಿಂದ ಬಾಯಿ ಬಿಡುವುದಿಲ್ಲ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದವರಿಗೆ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯಿದೆಯ 64ಎ ಸೆಕ್ಷನ್ ಕೊಡುವ ರಕ್ಷಣೆಯನ್ನು ಅವರಿಗೆ ವಿವರಿಸಿ ಹೇಳುವವರೂ ಅಲ್ಲಿರಬೇಕು.

ನಡೆಸುವವರು ಯಾರು ಎಂಬ ಪ್ರಶ್ನೆ ಬಂದರೆ ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀ ಇದೆ. 20 ರೂಪಾಯಿಗೆ ಊಟ ಬಡಿಸಿದ ಜನಕೀಯ ಹೋಟೆಲುಗಳನ್ನು ನಡೆಸಿದ ಹೆಂಗಸರಿಗೆ ಹತ್ತು ಜನರ ಮನೆ ನಡೆಸುವುದು ಕಷ್ಟವಲ್ಲ. ಕಟ್ಟಡಕ್ಕೆ ಹಳೆಯ ಸರಕಾರಿ ಕ್ವಾರ್ಟರ್ಸ್ ಒಂದನ್ನು ದುರಸ್ತಿ ಮಾಡಿಕೊಟ್ಟರೂ ಸಾಕು. ಸಂಬಳ ಮತ್ತು ದಿನಸಿಯ ಹಣ ಮಾತ್ರ ವರ್ಷ ವರ್ಷವೂ ಬಜೆಟ್ಟಿನಲ್ಲೇ ಬರಬೇಕು. ದಾನಿಗಳನ್ನು ನಂಬಿ ತೆರೆದ ಮನೆ ನಡುವೆ ಮುಚ್ಚಿದರೆ ಅಲ್ಲಿದ್ದವರ ಗತಿ ಮೊದಲಿಗಿಂತ ಕೆಟ್ಟದಾಗುತ್ತದೆ.

ಸಂವಿಧಾನದ 350ನೆಯ ವಿಧಿ ಕೊಟ್ಟ ಹಕ್ಕಿನಿಂದ ಈ ಮನವಿಯನ್ನು ಕನ್ನಡದಲ್ಲಿ ಸಲ್ಲಿಸುತ್ತಿದ್ದೇನೆ; ಉತ್ತರವೂ ಕನ್ನಡದಲ್ಲೇ ಬರಲಿ ಎಂದು ಕೋರುತ್ತೇನೆ. ಮನೆ ತೆರೆದರೆ ವಾರಕ್ಕೆ ಎರಡು ದಿನ ಅಲ್ಲಿಗೆ ಬಂದು ಔಷಧಿ, ಬಿಪಿ, ಮಕ್ಕಳ ಚುಚ್ಚುಮದ್ದಿನ ಲೆಕ್ಕ ನೋಡಿಕೊಳ್ಳಲು ನಾನು ಸಂಬಳವಿಲ್ಲದೆ ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಆರೋಗ್ಯ ಕಾರ್ಯಕರ್ತೆ,
ಪೆರ್ಲ, ಕಾಸರಗೋಡು ಜಿಲ್ಲೆ