ಅಳಿವೆ ದಂಡೆಗೆ ಕಲ್ಲು ಸುರಿದದ್ದು ಸಾಕು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಈ ಮಳೆಗಾಲದಲ್ಲೂ ನಮ್ಮ ದಂಡೆ ಕುಸಿಯಿತು. ಕಡಲ ಕಡೆಯದ್ದಲ್ಲ, ಹೊಳೆ ಕಡಲು ಸೇರುವ ಅಳಿವೆ ಒಳಗಿನ ದಂಡೆ. ಮನವಿ ಕೊಟ್ಟು ಕೊಟ್ಟು ಸಾಕಾಗಿದೆ, ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಅಳಿವೆ ಒಳಗೆ ಕಲ್ಲು ಸುರಿಯುವುದನ್ನು ನಿಲ್ಲಿಸಿ. ಒಂದು ತುಂಡು ದಂಡೆಯಲ್ಲಾದರೂ ಸಿಂಪಿ ಕೂತು ಬೆಳೆಯುವ ಚಿಪ್ಪಿನ ದಿಬ್ಬ ಮಾಡಿ ನೋಡಿ.

ನಮ್ಮ ಹಿತ್ತಿಲ ತೆಂಗಿನ ಮರಗಳು ಒಂದೊಂದಾಗಿ ನೀರಿಗೆ ಬಿದ್ದಿವೆ. ಬಾವಿ ನೀರು ಉಪ್ಪಾಗಿದೆ. ಬೇಸಿಗೆ ಬಂತೆಂದರೆ ಈ ವಯಸ್ಸಿನಲ್ಲೂ ನಮ್ಮ ಅತ್ತೆ ಪಕ್ಕದ ಕೇರಿಯಿಂದ ಕೊಡ ಹೊತ್ತು ತರುತ್ತಾರೆ. ಪರಿಹಾರದ ಅರ್ಜಿ ಏನಾಯಿತು ಅಂತ ಕಚೇರಿಯಲ್ಲಿ ಕೇಳಿದರೆ, ಜಾಗವೇ ಈಗ ಇಲ್ಲವಲ್ಲ, ಯಾವ ಸರ್ವೆ ನಂಬರಿಗೆ ಕೊಡೋದು ಅಂತ ನಮ್ಮನ್ನೇ ಕೇಳುತ್ತಾರೆ.

ಹೋದ ಸಲದ ಕಾಮಗಾರಿ ನಿಮಗೆ ನೆನಪಿರಬೇಕು, ಗುದ್ದಲಿ ಪೂಜೆಗೆ ನೀವೇ ಬಂದಿದ್ದಿರಿ. ನೀವು ಹೋದ ಮೇಲೆ ಆದದ್ದು ಹೇಳುತ್ತೇನೆ. ಇಳಿತದ ಹೊತ್ತಿಗೆ ನಮ್ಮ ಕೇರಿ ಹೆಂಗಸರು ಬಳಚು, ಕಲ್ಗ (ಅಂದರೆ ಸಿಂಪಿ) ಆರಿಸುವ ಜಾಗ ಇದೆಯಲ್ಲ, ಸರಿಯಾಗಿ ಅದರ ಮೇಲೇ ಟಿಪ್ಪರ್ ಬಂದು ಕಲ್ಲು ಸುರಿಯಿತು. ಅಡ್ಡ ನಿಂತು ಕೂಗಿದೆವು. ಗುತ್ತಿಗೆದಾರ ಫೋನ್ ಕೆಳಗಿಡಲಿಲ್ಲ. ಅತ್ತೆ ಒಂದು ಹಿಡಿ ಜೀವಂತ ಕಲ್ಗ ಎತ್ತಿ ಎಂಜಿನಿಯರ್ ಮುಂದೆ ಹಿಡಿದು, "ಇದ್ರಲ್ಲೇ ನಮ್ಮ ಅನ್ನ ಇರೋದು ಮಗಾ" ಅಂದರು. ಆತ ಹೇಳಿದ್ದು, "ಚಿಪ್ಪಿಗೆಲ್ಲ ಎಸ್ಟಿಮೇಟ್ ಇಲ್ಲಮ್ಮ, ಕಲ್ಲಿಗಿದೆ." ಮುಂದಿನ ಮಳೆಗಾಲಕ್ಕೆ ಅರ್ಧ ಕಲ್ಲು ಕೆಸರಿನೊಳಗೆ ಹೋಗಿತ್ತು. ಗೋಡೆ ಮುಗಿದ ತುದಿಯಲ್ಲಿ ನೀರು ತಿರುಗಿ ಪಕ್ಕದವರ ಅಂಗಳ ತಿಂದಿತು. ಈಗ ಅಲ್ಲಿಗೂ ಕಲ್ಲು ಹಾಕಲು ಟೆಂಡರ್ ಅಂತೆ. ಸಿಟ್ಟು ಬರದೆ ಇನ್ನೇನಾಗುತ್ತೆ ಹೇಳಿ!

ನಿಯಮ ನಿಮಗೆ ನಾನು ಹೇಳಿಕೊಡಬೇಕಿಲ್ಲ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಅತಿ ಸೂಕ್ಷ್ಮ ಜಾಗಗಳ ಪಟ್ಟಿಯಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಕಾಡೂ ಇದೆ, ಜೀವ ಇರುವ ಕೆಸರು ಬಯಲೂ ಇದೆ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದಾಗ ಕರಾವಳಿಯವರೆಲ್ಲ ಹೆಮ್ಮೆಪಟ್ಟೆವು. ಉಳಿದ ಅಳಿವೆಗಳು ಏನು ತಪ್ಪು ಮಾಡಿವೆ?

ಕಲ್ಗದ ಮರಿ ಎರಡು ಮೂರು ವಾರ ನೀರಲ್ಲಿ ತೇಲಿ, ಆಮೇಲೆ ಗಟ್ಟಿ ಜಾಗ ಸಿಕ್ಕಲ್ಲಿ ಅಂಟಿಕೊಳ್ಳುತ್ತೆ. ಹಳೇ ಚಿಪ್ಪು ಸಿಕ್ಕರೆ ಇನ್ನೂ ಒಳ್ಳೆಯದು. ಒಂದರ ಮೇಲೊಂದು ಕೂತು ದಿಬ್ಬ ತಾನೇ ಎತ್ತರವಾಗುತ್ತೆ, ಅಲೆಯ ಜೋರು ಅಲ್ಲೇ ಮುರಿಯುತ್ತೆ, ಹಿಂದೆ ಮಣ್ಣು ನಿಂತು ಕಾಂಡ್ಲ ಬೇರು ಬಿಡುತ್ತೆ. ಬಾಂಗ್ಲಾದೇಶದ ಕುತುಬ್ದಿಯಾ ದ್ವೀಪದಲ್ಲಿ ಬರೀ ಕಾಂಕ್ರೀಟ್ ರಿಂಗ್ ಇಟ್ಟು ಅದರ ಮೇಲೆ ಸಿಂಪಿ ಬೆಳೆಯಲು ಬಿಟ್ಟರು, ಹಿಂದಿನ ಕೆಸರು ಬಯಲಿನ ಕೊರೆತ ಕಡಿಮೆಯಾಯಿತು. ಅದು ನಮ್ಮ ಹಾಗೆಯೇ ಮಳೆಗಾಲ ಇರುವ ಊರು. ಮುಂಗಾರಿನ ಅಲೆ ನೇರ ಬಡಿಯುವ ಕಡಲತೀರಕ್ಕೆ ಇದು ಆಗಲ್ಲ, ಮಳೆಗಾಲದಲ್ಲಿ ಪೂರ್ತಿ ಸಿಹಿನೀರಾಗುವ ಹೊಳೆಯ ಮೇಲ್ಭಾಗಕ್ಕೂ ಆಗಲ್ಲ. ಎಲ್ಲಿ ಆಗುತ್ತೆ ಅಂತ ಬಳಚು ಆರಿಸುವ ಹೆಂಗಸರನ್ನು ಕೇಳಿ, ಕಾಲಿಟ್ಟೇ ತೋರಿಸುತ್ತಾರೆ.

ನ್ಯೂಯಾರ್ಕ್ ಬಂದರಿನಲ್ಲಿ 2014ರಿಂದ ಬಿಲಿಯನ್ ಆಯ್‌ಸ್ಟರ್ ಪ್ರಾಜೆಕ್ಟ್, ಅಂದರೆ ನೂರು ಕೋಟಿ ಕಲ್ಗದ ಯೋಜನೆ ಅಂತ ನಡೆಯುತ್ತಿದೆ. ಹೋಟೆಲಲ್ಲಿ ತಿಂದು ಬಿಟ್ಟ ಚಿಪ್ಪು ಕೂಡಿಸಿ, ಬಿಸಿಲಿಗೆ ಒಣಗಿಸಿ, ಮರಿ ಕೂರಿಸಿ ನೀರಿಗಿಳಿಸುತ್ತಾರೆ. ಬೆಳೆದದ್ದನ್ನು ಅಳೆದು ಬರೆಯುವವರಲ್ಲಿ ಶಾಲೆ ಮಕ್ಕಳೂ ಇದ್ದಾರೆ. ನಮ್ಮೂರ ಮಕ್ಕಳು ಅಳಿವೆ ಪಕ್ಕದಲ್ಲೇ ಓದುತ್ತಾರೆ, ಆದರೆ ಅಳಿವೆ ಬಗ್ಗೆ ಒಂದು ಪಾಠ ಇಲ್ಲ. ನಮ್ಮ ಚಿಪ್ಪು ತಿಪ್ಪೆಗೆ ಹೋಗುತ್ತೆ, ಇಲ್ಲವೇ ಸುಣ್ಣಕ್ಕೆ. ಅದನ್ನು ಉಳಿಸಿ ಕೊಡಿ. ಹೈಸ್ಕೂಲಿನ ಮಕ್ಕಳನ್ನು, ನಮ್ಮ ಸ್ವಸಹಾಯ ಸಂಘವನ್ನು ಜೊತೆಗೆ ಸೇರಿಸಿ. ಕೂಲಿ ಕೊಡಿ, ಸುಮ್ನೆ ಫೋಟೋಕ್ಕೆ ಕರೆಯಬೇಡಿ.

ಪಕ್ಕದವರ ಅಂಗಳದ ಟೆಂಡರ್ ತಡೆಹಿಡಿಯಿರಿ. ಇಳಿತದ ಹೊತ್ತು ನೋಡಿಕೊಂಡು ಎಂಜಿನಿಯರ್ ಜೊತೆ ಬನ್ನಿ. ಚಿಪ್ಪಿನ ದಿಬ್ಬಕ್ಕೂ ಒಂದು ಎಸ್ಟಿಮೇಟ್ ಮಾಡಿಸಿ. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಬರೆದು ಕೊಡಿ. ಬಾಯಿಮಾತಿನ ಭರವಸೆ ನಮಗೆ ಇನ್ನು ಬೇಡ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು