ಆ ಕತ್ತೆ ಮಾತಾಡಿತಾ?

ತಂಗೀ,

ಬಿಳಾಮನ ಕತ್ತೆಯ ಮೇಲೆ ನೀನು ಬರೆದ ಲೇಖನ ಓದಿದೆ. ಶುರು ಚೆನ್ನಾಗಿದೆ. ಆದರೆ ಎರಡನೇ ಪ್ಯಾರಾದಲ್ಲೇ ‘ಇದೆಲ್ಲ ಬರೀ ರೂಪಕ’ ಅಂತ ಕೈ ತೊಳೆದುಕೊಂಡಿದ್ದೀಯ. ಅಷ್ಟು ಅವಸರ ಯಾಕೆ?

ಯಹೂದಿಗಳ ಧರ್ಮಗ್ರಂಥ ತೋರಾದ ಆ ಕತೆಯನ್ನು ಇನ್ನೊಮ್ಮೆ ಓದು. ಪ್ರವಾದಿ ಬಿಳಾಮ ಕತ್ತೆ ಏರಿ ಹೊರಟಿದ್ದಾನೆ. ದಾರಿಯಲ್ಲಿ ಕತ್ತಿ ಹಿರಿದ ದೇವದೂತ ನಿಂತಿದ್ದಾನೆ. ಅವನು ಕಾಣುವುದು ಕತ್ತೆಗೆ ಮಾತ್ರ. ಅದು ಗೋಡೆಗೆ ಒತ್ತಿಕೊಂಡು ಬಿಳಾಮನ ಕಾಲನ್ನು ಜಜ್ಜುತ್ತದೆ. ಮೂರು ಸಲ ಏಟು ತಿಂದ ಮೇಲೆ ಬಾಯಿ ಬಿಟ್ಟು, ನಾನೇನು ಮಾಡಿದೆ ಅಂತ ಹೊಡೆದೆ ಎಂದು ಕೇಳುತ್ತದೆ. ಬಿಳಾಮ ಬೆಚ್ಚಿಬೀಳುವುದೇ ಇಲ್ಲ, ಜಗಳಕ್ಕೇ ನಿಲ್ಲುತ್ತಾನೆ! ಕತ್ತೆ ಮಾತಾಡಿದ್ದಕ್ಕಿಂತ ನನಗೆ ಇದೇ ಜಾಸ್ತಿ ವಿಚಿತ್ರ.

ಕತ್ತೆ ನಿಜವಾಗಿ ಮಾತಾಡಿತು ಅಂತ ಯಹೂದಿ ತತ್ವಜ್ಞಾನಿ ಮೈಮೊನಿಡೀಸರೂ (1138–1204) ಒಪ್ಪಲಿಲ್ಲ. ಆದರೆ ಅವರು ಹೇಳಿದ್ದು ರೂಪಕ ಅಂತಲ್ಲ, ದರ್ಶನ ಅಂತ. ಅಂದರೆ ಹೊರಗೆ ನಡೆದದ್ದಲ್ಲ, ಒಳಗಣ್ಣಿಗೆ ಕಂಡದ್ದು. ತೋರಾದಲ್ಲೇ ಬರುವ ಇನ್ನೆರಡು ಕತೆಗಳು, ಅಬ್ರಹಾಮನ ಡೇರೆಗೆ ಮೂವರು ಅತಿಥಿಗಳು ಬಂದದ್ದು, ಯಾಕೋಬ ದೇವದೂತನೊಡನೆ ರಾತ್ರಿಯಿಡೀ ಕುಸ್ತಿ ಹಿಡಿದದ್ದು, ಅವರ ಪ್ರಕಾರ ಅವೂ ದರ್ಶನಗಳೇ. ಹಾಗಂತ ಪವಾಡವೇ ಸುಳ್ಳು ಅಂದವರಲ್ಲ. ಜಗತ್ತನ್ನು ದೇವರು ಸೃಷ್ಟಿಸಿದ ಅಂತ ಒಪ್ಪಿದರೆ ಪವಾಡವೂ ಆಗಬಹುದು ಅಂತ ಅವರೇ ಬರೆದಿದ್ದಾರೆ.

ಇದನ್ನು ಓದಿ ಸಿಟ್ಟಾದವರು ಸ್ಪೇನಿನ ಗಿರೋನಾ ಊರಿನ ಯಹೂದಿ ಪಂಡಿತ ನಹ್ಮಾನಿಡೀಸ್. (ಯಹೂದಿಗಳು ಮೈಮೊನಿಡೀಸರನ್ನು ಚಿಕ್ಕದಾಗಿ ರಂಬಂ ಅಂತಾರೆ, ಇವರನ್ನು ರಂಬನ್. ನಾನು ಎಷ್ಟೋ ಸಲ ಅದಲುಬದಲು ಮಾಡಿದ್ದೇನೆ.) ಅವರ ವಾದ ನೋಡು, ನೇರ ಅಡುಗೆಮನೆಗೇ ನುಗ್ಗುತ್ತದೆ. ಅತಿಥಿಗಳು ಬಂದದ್ದು ದರ್ಶನವಾದರೆ ಅಬ್ರಹಾಮನ ಹೆಂಡತಿ ಸಾರಾ ಅವರಿಗಾಗಿ ಹಿಟ್ಟು ನಾದಲಿಲ್ಲ, ಅಬ್ರಹಾಮ ಕರುವಿನ ಅಡುಗೆ ಮಾಡಿಸಲಿಲ್ಲ, ಸಾರಾ ನಗಲೂ ಇಲ್ಲ ಅಂತಾಯಿತು. ಸುಮ್ನೆ ಇಷ್ಟೆಲ್ಲ ತೋರಿಸಿದ್ದು ಯಾಕೆ? ಇನ್ನು ಯಾಕೋಬ. ಕುಸ್ತಿ ದರ್ಶನದಲ್ಲಿ ಆಗಿದ್ದರೆ, ಎಚ್ಚರವಾದ ಮೇಲೆ ಅವನು ಕುಂಟಿದ್ದು ಹೇಗೆ?

ನನ್ನ ಒಲವು ಮೈಮೊನಿಡೀಸರ ಕಡೆಗೇ. ಆದರೂ ಆ ಕುಂಟು ಕಾಲಿಗೆ ಸಮಾಧಾನವಾಗುವ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ನೀನು ಯಾವ ಕಡೆ ನಿಂತರೂ ನನ್ನ ತಕರಾರಿಲ್ಲ. ಆದರೆ ನಾದಿದ ಹಿಟ್ಟು, ಜಜ್ಜಿದ ಕಾಲು, ಇವನ್ನು ದಾಟಿಕೊಂಡು ಅರ್ಥಕ್ಕೆ ಜಿಗಿಯಬೇಡ. ಓದುವವರಿಗೆ ಅದು ಗೊತ್ತಾಗಿಬಿಡುತ್ತದೆ, ಅಲ್ವಾ?

ಎರಡನೇ ಪ್ಯಾರಾ ಹೊಡೆದುಹಾಕು. ಆ ಜಾಗದಲ್ಲಿ ಗೋಡೆ, ಕಾಲು, ಮೂರು ಏಟು ಬರಲಿ. ‘ರೂಪಕ’ ಅನ್ನುವ ಪದ ಬೇಕೇಬೇಕು ಅನ್ನಿಸಿದರೆ ಕೊನೆಯ ಪುಟದವರೆಗೆ ಕಾಯಲಿ. ತಿದ್ದಿದ ಪ್ರತಿ ಕಳಿಸು, ಈ ಸಲ ದೊಡ್ಡ ಅಕ್ಷರದಲ್ಲಿ.

ನಿನ್ನ ಅಣ್ಣ