ಕೆರಿಬಿಯನ್ ರೆಸಾರ್ಟ್: ನಕ್ಷತ್ರ ಎಣಿಸುವ ಮೊದಲು ದಿಕ್ಕು, ತಿಂಗಳು ನೋಡಿ

ಮಾನ್ಯರೇ,

ಅಮೆರಿಕ, ಕೆನಡಾದಲ್ಲಿ ನೆಲೆಸಿದ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ತಂದೆ-ತಾಯಿಯರು ಈಗ ನಯಾಗರ ನೋಡಿ ಸುಮ್ಮನಾಗುವುದಿಲ್ಲ. ಒಂದು ವಾರ ಕೆರಿಬಿಯನ್ ಕಡಲ ಕಡೆಗೂ ಹೋಗಿಬರುತ್ತಾರೆ. ಹೆಚ್ಚಿನವರು ಆರಿಸಿಕೊಳ್ಳುವುದು ‘ಆಲ್-ಇನ್‌ಕ್ಲೂಸಿವ್’ ರೆಸಾರ್ಟ್. ಕಬಿನಿ, ಕೊಡಗಿನಲ್ಲಿ ಕೋಣೆ, ಊಟ, ಸಫಾರಿ ಎಲ್ಲ ಸೇರಿಸಿ ತಲೆಗಿಷ್ಟು ಎನ್ನುತ್ತಾರಲ್ಲ, ಅದೇ ಲೆಕ್ಕ. ಅಲ್ಲಿ ಮದ್ಯವೂ ಸೇರಿರುತ್ತದೆ. ಜಾಹೀರಾತುಗಳಲ್ಲಿ, ಪ್ರವಾಸ ಪುರವಣಿಗಳಲ್ಲಿ ದರ ಇರುತ್ತದೆ, ನಕ್ಷತ್ರಗಳ ಸಂಖ್ಯೆ ಇರುತ್ತದೆ. ಯಾವ ತಿಂಗಳಲ್ಲಿ ಹೋಗಬೇಕು, ಆ ತೀರ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು ಇರುವುದಿಲ್ಲ. ಹೋದವರ ದುಡ್ಡು ನೀರುಪಾಲಾಗುವುದು ಬಹುತೇಕ ಈ ಎರಡರಿಂದಲೇ.

ಆ ಸೀಮೆಯಲ್ಲಿ ಗಾಳಿ ವರ್ಷದ ಬಹುಪಾಲು ಪೂರ್ವದಿಂದ ಬೀಸುತ್ತದೆ. ಹಾಗಾಗಿ ದ್ವೀಪದ ಮೂಡಣ ಬದಿಗೆ ಅಟ್ಲಾಂಟಿಕ್ ಅಲೆಗಳ ಹೊಡೆತ, ಪಡುವಣ ಬದಿಗೆ ದ್ವೀಪವೇ ಮರೆ. ಬಾರ್ಬಡೋಸ್ ನಕ್ಷೆ ತೆರೆದರೆ ಇದು ಸ್ಪಷ್ಟವಾಗುತ್ತದೆ. ಪೂರ್ವದ ಬಾತ್‌ಶೀಬಾದಲ್ಲಿ ಅಲೆ ಬಂಡೆಗೆ ಅಪ್ಪಳಿಸುತ್ತಿದ್ದರೆ, ಅದೇ ಹೊತ್ತಿನಲ್ಲಿ ಪಶ್ಚಿಮದ ಹೋಲ್‌ಟೌನ್ ಬಳಿ ನೀರು ಕೆರೆಯಂತೆ ನಿಂತಿರುತ್ತದೆ. ಜಮೈಕಾದ ಪಶ್ಚಿಮ ತುದಿಯ ನೆಗ್ರಿಲ್, ಅರೂಬಾದ ಈಗಲ್ ಬೀಚ್, ಪಾಮ್ ಬೀಚ್ ಇವೆಲ್ಲ ಪಡುವಣದವು. ಈಜು ಬಾರದ ಹಿರಿಯರು, ಚಿಕ್ಕ ಮಕ್ಕಳು ಜತೆಗಿದ್ದರೆ ಇವೇ ಮೊದಲ ಆಯ್ಕೆಯಾಗಲಿ. ಡೊಮಿನಿಕನ್ ಗಣರಾಜ್ಯದ ಪುಂಟಾ ಕಾನಾ ಇರುವುದು ದ್ವೀಪದ ಪೂರ್ವ ತುದಿಯಲ್ಲಿ. ಅಲ್ಲಿಯೂ ಬಾವಾರೊ ತೀರದ ಮುಂದೆ ಹವಳದ ದಿಬ್ಬವಿರುವುದರಿಂದ ಅಲೆ ದೂರದಲ್ಲೇ ಮುರಿಯುತ್ತದೆ. ಇನ್ನೂ ಉತ್ತರಕ್ಕಿರುವ ಊವೆರೊ ಆಲ್ಟೊದಲ್ಲಿ ಕಡಲು ಒರಟು. ಕೆಂಪು ಬಾವುಟ ಹಾರುವ ದಿನ ನೀರಿಗೆ ಇಳಿಯುವಂತಿಲ್ಲ. ಎರಡು ಕಡೆಯೂ ‘ಪುಂಟಾ ಕಾನಾ’ ಎಂಬ ಹೆಸರಿನಲ್ಲೇ ಮಾರಾಟವಾಗುತ್ತವೆ, ಊವೆರೊ ಆಲ್ಟೊದ ದರ ಎಷ್ಟೋ ಬಾರಿ ಕಡಿಮೆ ಇರುತ್ತದೆ. ಅಗ್ಗ ಯಾಕೆ ಎಂದು ಕೇಳದೆ ಬುಕ್ ಮಾಡಬೇಡಿ.

ಪೂರ್ವಕ್ಕೆ ಮುಖ ಮಾಡಿದ ತೀರಗಳಿಗೆ ಇನ್ನೊಂದು ಕಾಟವಿದೆ: ಸರ್ಗಾಸಮ್ ಎಂಬ ಕಂದು ಕಡಲಕಳೆ. 2011ರಿಂದ ಇದು ಅಟ್ಲಾಂಟಿಕ್‌ನಿಂದ ರಾಶಿ ರಾಶಿಯಾಗಿ ಬಂದು ಬೀಳುತ್ತಿದೆ. ಹೆಚ್ಚಾಗಿ ಮಾರ್ಚ್–ಏಪ್ರಿಲ್‌ನಲ್ಲಿ ಶುರುವಾಗಿ ಆಗಸ್ಟ್ ದಾಟುವವರೆಗೂ ಇರುತ್ತದೆ, ಎಂದರೆ ಸರಿಯಾಗಿ ನಮ್ಮವರು ಹೋಗುವ ಕಾಲದಲ್ಲೇ. ಬೆಳಗಿನ ಜಾವ ಟ್ರ್ಯಾಕ್ಟರ್ ಬಂದು ಮರಳಿನ ಮೇಲಿನದನ್ನು ಕೆರೆದು ಒಯ್ಯುತ್ತದೆ. ಹತ್ತು ಗಂಟೆಯ ಹೊತ್ತಿಗೆ ಮತ್ತೆ ಮೊಣಕಾಲುದ್ದ ಬಂದು ಬಿದ್ದಿರುತ್ತದೆ. ದಡದಿಂದ ಹತ್ತು ಮೀಟರ್‌ವರೆಗೆ ನೀರು ಚಹಾ ಕಷಾಯದ ಬಣ್ಣ. ಎರಡು ದಿನ ಬಿಟ್ಟರೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ, ಕೊಳೆತ ಮೊಟ್ಟೆಯ ವಾಸನೆ ಕೋಣೆಯೊಳಗೂ ಬರುತ್ತದೆ. ಉಬ್ಬಸ ಇರುವವರಿಗೆ ಅದು ಆಗಿಬರುವುದಿಲ್ಲ. ಮೆಕ್ಸಿಕೋದ ಟುಲುಮ್, ಪ್ಲಾಯಾ ಡೆಲ್ ಕಾರ್ಮೆನ್ ತೀರಗಳಿಗೂ ಇದೇ ಪಾಡು. ಅಲ್ಲಿಗೆ ಹೋಗಲೇಬೇಕಿದ್ದರೆ ಕೊಸುಮೆಲ್ ದ್ವೀಪದ ಪಶ್ಚಿಮ ದಡ ನೋಡಿ, ಡೊಮಿನಿಕನ್‌ನಲ್ಲಾದರೆ ಬಾಯಾಹಿಬೆ. ರೆಸಾರ್ಟ್‌ನವರ ಚಿತ್ರಗಳನ್ನು ನಂಬಬೇಡಿ. ನೀವು ಹೋಗುವ ತಿಂಗಳಿನಲ್ಲೇ, ಹಿಂದಿನ ವರ್ಷ ಅತಿಥಿಗಳು ಹಾಕಿದ ಚಿತ್ರಗಳನ್ನು ದಿನಾಂಕ ನೋಡಿ ಹುಡುಕಿ. ಅರ್ಧ ಗಂಟೆಯ ಕೆಲಸ.

ಇನ್ನು ಚಂಡಮಾರುತ. ಅಲ್ಲಿನ ಹರಿಕೇನ್ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ ಜೋರು. ಜುಲೈನಲ್ಲಿ ಏನೂ ಆಗದು ಎನ್ನುವವರು 2024ನ್ನು ನೆನೆಯಲಿ. ಆ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತ ತಂಡ, ನಮ್ಮ ರಾಹುಲ್ ದ್ರಾವಿಡ್ ಕೋಚ್ ಆಗಿದ್ದ ತಂಡ, ಬೆರಿಲ್ ಚಂಡಮಾರುತದಿಂದಾಗಿ ವಿಮಾನವಿಲ್ಲದೆ ಅಲ್ಲೇ ಉಳಿಯಬೇಕಾಯಿತು; ದೆಹಲಿ ತಲುಪಿದ್ದು ಜುಲೈ 4ರಂದು. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಐದನೇ ದರ್ಜೆಯ ಬಿರುಸಿನಲ್ಲಿ ಜಮೈಕಾದ ನೈಋತ್ಯ ತೀರಕ್ಕೆ ಅಪ್ಪಳಿಸಿತು. ಅಂಥ ಹೊಡೆತ ತಿಂದ ಊರಿನಲ್ಲಿ ಬುಕ್ ಮಾಡುವಾಗ ‘ತೆರೆದಿದ್ದೀರಾ’ ಎಂದಷ್ಟೇ ಕೇಳಿದರೆ ಸಾಲದು. ಎಷ್ಟು ಕಟ್ಟಡ, ಎಷ್ಟು ರೆಸ್ಟೋರೆಂಟ್ ನಡೆಯುತ್ತಿವೆ ಎಂದು ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ರಜೆ ಸಿಗುವುದೇ ಈ ಹರಿಕೇನ್ ಋತುವಿನಲ್ಲಿ ಎನ್ನುವವರಿಗೆ ಅರೂಬಾ, ಕುರಸಾವ್, ಬೋನೇರ್ ಸೂಕ್ತ. ವೆನೆಜುವೆಲಾಗೆ ಹತ್ತಿರ, ಚಂಡಮಾರುತಗಳ ಸಾಮಾನ್ಯ ಹಾದಿಗಿಂತ ದಕ್ಷಿಣಕ್ಕೆ ಇರುವ ದ್ವೀಪಗಳಿವು. ವಿಮೆಯ ವಿಷಯದಲ್ಲಿ ಒಂದೇ ಮಾತು: ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಚಂಡಮಾರುತಕ್ಕೆ ಹಣ ಕೊಡುವುದಿಲ್ಲ. ಮುಂಗಡ ಕಟ್ಟಿದ ವಾರದಲ್ಲೇ ವಿಮೆಯನ್ನೂ ಮಾಡಿಸಿ. ಅಪ್ಪ-ಅಮ್ಮನಿಗೆ ಅಮೆರಿಕಕ್ಕೆಂದು ಮಾಡಿಸಿದ ವಿಮೆ ದ್ವೀಪದಲ್ಲಿಯೂ ನಡೆಯುತ್ತದೆಯೇ, ಬಿಪಿ, ಶುಗರ್‌ನಂಥ ಹಳೆಯ ಕಾಯಿಲೆಗೆ ಅನ್ವಯವೇ ಎಂಬುದನ್ನು ಓದಿಕೊಳ್ಳಿ.

ಪಾಸ್‌ಪೋರ್ಟ್ ವಿಷಯದಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ. ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಜಮೈಕಾ, ಬಾರ್ಬಡೋಸ್ ಪ್ರವಾಸಕ್ಕೆ ಮುಂಗಡ ವೀಸಾ ಬೇಡ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಡೊಮಿನಿಕನ್, ಮೆಕ್ಸಿಕೋ ಕೂಡ ಬಿಟ್ಟುಕೊಳ್ಳುತ್ತವೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ದಿನ ಆಯಾ ದೇಶದ ಸರ್ಕಾರಿ ತಾಣದಲ್ಲಿ ಮತ್ತೊಮ್ಮೆ ನೋಡಿ. ಹೋಗುವುದಕ್ಕಿಂತ ಮರಳುವುದು ಕಷ್ಟ. ಅಮೆರಿಕದಲ್ಲಿ ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲಿದ್ದು ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಕೆನಡಾ ಅಥವಾ ಮೆಕ್ಸಿಕೋಗೆ 30 ದಿನ ಮೀರದಂತೆ ಹೋಗಿ ಚಾಲ್ತಿಯಲ್ಲಿರುವ ಐ-94 (ಎಲ್ಲಿಯವರೆಗೆ ಇರಬಹುದು ಎಂಬುದನ್ನು ಹೇಳುವ ಅಮೆರಿಕದ ಪ್ರವೇಶ ದಾಖಲೆ) ತೋರಿಸಿ ಮರಳಲು ಅವಕಾಶವಿದೆ. ಜಮೈಕಾಗೋ ಪುಂಟಾ ಕಾನಾಗೋ ಹೋದರೆ ಅದು ಇಲ್ಲ. ಅಕ್ಕಪಕ್ಕದ ದ್ವೀಪಗಳ ರಿಯಾಯಿತಿ ಇರುವುದು ಎಫ್, ಜೆ ವೀಸಾದ ವಿದ್ಯಾರ್ಥಿಗಳಿಗೆ, ವಿನಿಮಯ ಕಾರ್ಯಕ್ರಮದವರಿಗೆ, ಅದೂ ಕ್ಯೂಬಾ ಹೊರತುಪಡಿಸಿ. ಮುದ್ರೆಯ ಅವಧಿ ಮುಗಿದವರನ್ನು ಮೆಕ್ಸಿಕೋ ಆ ವೀಸಾದ ಬಲದ ಮೇಲೆ ಒಳಗೆ ಬಿಡುವುದಿಲ್ಲ, ಅದರದೇ ವೀಸಾ ಬೇಕು. ಪ್ರವಾಸಿ ವೀಸಾದಲ್ಲಿ ಬಂದ ತಂದೆ-ತಾಯಿಗೆ, ದ್ವೀಪಕ್ಕೆ ಹೋಗಿಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂಬ ಲೆಕ್ಕಾಚಾರ ಬೇಡ. ಹಳೆಯ ಐ-94 ದಿನಾಂಕಕ್ಕೇ ಒಳಬಿಡಬಹುದು. ಅಮೆರಿಕದಲ್ಲಿ ನೆಲೆಸಿದವರು ಬರಿಯ ಪ್ರವಾಸಕ್ಕೆಂದು ಕ್ಯೂಬಾಗೆ ಹೋಗುವಂತಿಲ್ಲ. ಬ್ರಿಟಿಷ್ ಪಾಸ್‌ಪೋರ್ಟಿನ ಕನ್ನಡಿಗರು 2021ರ ಜನವರಿ 12ರ ನಂತರ ಕ್ಯೂಬಾಗೆ ಹೋಗಿಬಂದಿದ್ದರೆ ಅಮೆರಿಕಕ್ಕೆ ವೀಸಾ ಇಲ್ಲದೆ ಹೋಗಲು ಬೇಕಾದ ‘ಎಸ್ಟಾ’ ಅನುಮತಿ ಸಿಗದು, ವೀಸಾಕ್ಕೇ ಅರ್ಜಿ ಹಾಕಬೇಕು.

ದರದ ಲೆಕ್ಕ ಹೀಗೆ. ತಲೆಗೆ ರಾತ್ರಿಗೆ 180 ಡಾಲರ್ ಎಂದಿಟ್ಟುಕೊಳ್ಳಿ. ಇಬ್ಬರಿಗೆ ಏಳು ರಾತ್ರಿಗೆ 2,520. ಡೊಮಿನಿಕನ್‌ನಲ್ಲಿ ಇದರ ಮೇಲೆ ಶೇ 18 ತೆರಿಗೆ, ಶೇ 10 ಸೇವಾ ಶುಲ್ಕ ಬಿದ್ದರೆ 3,225 ದಾಟುತ್ತದೆ. ಹೇಳಿದ ದರದಲ್ಲಿ ಇವು ಸೇರಿವೆಯೇ ಎಂಬುದೇ ಮೊದಲ ಪ್ರಶ್ನೆ. ಸ್ಪಾ, ಮೋಟಾರು ದೋಣಿಯ ಆಟ, ಹೊರಗಿನ ವಿಹಾರ ಸಾಮಾನ್ಯವಾಗಿ ಹೊರಗಿನ ಖರ್ಚು. ವಿಮಾನ ನಿಲ್ದಾಣದಿಂದ ಬಂಡಿ ಇದೆಯೇ ಕೇಳಿ: ಮಾಂಟೆಗೊ ಬೇ ನಿಲ್ದಾಣದಿಂದ ನೆಗ್ರಿಲ್‌ಗೆ ಒಂದೂವರೆ ಗಂಟೆಯ ದಾರಿ, ಟ್ಯಾಕ್ಸಿ ಅಗ್ಗವಲ್ಲ. ಈ ದರದಲ್ಲಿ ಮದ್ಯದ ಪಾಲೂ ಇದೆ. ಕುಡಿಯದ, ಮಾಂಸ ತಿನ್ನದ ಕುಟುಂಬ ಅರೂಬಾ, ಬಾರ್ಬಡೋಸ್‌ನಲ್ಲಿ ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿಯುವುದೇ ಲೇಸು ಎಂಬುದು ನಮ್ಮ ಖಚಿತ ಅಭಿಪ್ರಾಯ. ಪುಂಟಾ ಕಾನಾದ ಮಾತು ಬೇರೆ. ಅಲ್ಲಿ ರೆಸಾರ್ಟಿನ ಗೇಟು ದಾಟಿದರೆ ನಡೆದು ಹೋಗುವಷ್ಟು ದೂರದಲ್ಲಿ ಊಟ ಸಿಗುವುದು ಅಪರೂಪ.

ಊಟದ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು. ಬುಫೆಯಲ್ಲಿ ಅನ್ನ, ಹುರುಳಿಕಾಯಿ ಪಲ್ಯ, ಕಾಳಿನ ಸಾರು ಕಂಡು ನಿಶ್ಚಿಂತರಾಗಬೇಡಿ. ಡೊಮಿನಿಕನ್‌ನ ‘ಮೋರೊ ದೆ ಗ್ವಾಂಡೂಲೆಸ್’ ನಮ್ಮ ತೊಗರಿಕಾಳಿನ ಅನ್ನವೇ, ಆದರೆ ಹಂದಿಮಾಂಸದ ತುಂಡು ಹಾಕಿ ಬೇಯಿಸುವುದುಂಟು. ಮೆಕ್ಸಿಕೋದಲ್ಲಿ ಅರೆದ ಕಾಳು, ಗೋಧಿ ಟೋರ್ಟಿಯಾಗಳಿಗೆ (ಅಲ್ಲಿನ ತೆಳು ರೊಟ್ಟಿ) ಹಂದಿ ಕೊಬ್ಬು ಹಾಕುವುದುಂಟು; ಮೆಕ್ಕೆಜೋಳದ ಟೋರ್ಟಿಯಾ ಕೇಳಿ. ಅಲ್ಲಿನ ಸ್ಪ್ಯಾನಿಷ್ ಭಾಷೆಯಲ್ಲಿ ‘ಕಾರ್ನೆ’ ಎಂದರೆ ದನ, ಹಂದಿಯ ಮಾಂಸ ಎಂಬ ಅರ್ಥವೇ ಬಳಕೆಯಲ್ಲಿದೆ. ‘ಸಿನ್ ಕಾರ್ನೆ’ (ಕಾರ್ನೆ ಇಲ್ಲದೆ) ಎಂದಷ್ಟೇ ಹೇಳಿದರೆ ಅಡುಗೆಯವರು ಪ್ರಾಮಾಣಿಕವಾಗಿಯೇ ಕೋಳಿ ಹಾಕಿ ತಂದುಕೊಡುತ್ತಾರೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ಮಾಂತೇಕಾ, ಸಿನ್ ಕಾಲ್ದೊ. ಮಾಂಸ, ಕೋಳಿ, ಮೀನು, ಹ್ಯಾಮ್, ಹಂದಿ ಕೊಬ್ಬು, ಮಾಂಸದ ಕಟ್ಟು ಯಾವುದೂ ಬೇಡ ಎಂದರ್ಥ. ಕೊನೆಯದನ್ನು ಮರೆತರೆ ತರಕಾರಿ ಸೂಪಿನಲ್ಲೂ ಕೋಳಿಯ ಕಟ್ಟು ಬರುತ್ತದೆ. ಮೊಟ್ಟೆ ತಿನ್ನದವರು ‘ಸಿನ್ ವೇವೊ’ ಸೇರಿಸಿ.

ಸಸ್ಯಾಹಾರಿಗಳಿಗೆ ಜಮೈಕಾ ಹೆಚ್ಚು ಒಗ್ಗುತ್ತದೆ. ಭಾಷೆ ಇಂಗ್ಲಿಷ್; ಅಲ್ಲಿನ ರಾಸ್ತಾಫರಿ ಪಂಥದವರ ಸಸ್ಯಾಹಾರಿ ‘ಐಟಲ್’ ಅಡುಗೆ ಅಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿನ ಕಲಾಲೂ ನಮ್ಮ ಹರಿವೆ, ದಂಟಿನ ಜಾತಿಯ ಸೊಪ್ಪು; ಈರುಳ್ಳಿ, ಟೊಮೆಟೊ ಹಾಕಿ ಬಾಡಿಸುತ್ತಾರೆ. ಉಪ್ಪುಮೀನು ಬೇಡ ಎಂದು ಮೊದಲೇ ಹೇಳಬೇಕು. ಸುಟ್ಟ ಬ್ರೆಡ್‌ಫ್ರೂಟ್ ನಮ್ಮ ಕರಾವಳಿಯ ಜೀಗುಜ್ಜೆ. 1845ರಿಂದ ಹಡಗಿನಲ್ಲಿ ಬಂದ ಭಾರತೀಯ ಕೂಲಿಗಳು ತಂದ ರೊಟ್ಟಿ, ಕರಿ ಕೂಡ ಉಳಿದಿವೆ. ಆರ್ಡರ್ ಕೊಟ್ಟು ತಿನ್ನುವ ರೆಸ್ಟೋರೆಂಟ್‌ಗಳಿಗೆ ಕಾಯ್ದಿರಿಸಬೇಕೇ, ವಾರಕ್ಕೆ ಎಷ್ಟು ಸಲ ಎಂಬ ಮಿತಿ ಇದೆಯೇ ಎಂದು ಕೇಳಿ. ಗಂಡಸರು ಒಂದು ಉದ್ದ ಪ್ಯಾಂಟು, ಮುಚ್ಚಿದ ಶೂ ಒಯ್ಯಿರಿ, ಚಡ್ಡಿ, ಚಪ್ಪಲಿಯಲ್ಲಿ ರಾತ್ರಿ ಒಳಬಿಡದ ಕಡೆ ಬಹಳ.

ಕೋಣೆಯ ಬಗ್ಗೆ ಎರಡು ಮಾತು. ‘ಓಷನ್ ವ್ಯೂ’ ಎಂದರೆ ಎಲ್ಲಿಂದಲೋ ಕಡಲು ಕಂಡರೆ ಆಯಿತು. ಕಡಲಿಗೆ ಎದುರಾಗಿರುವುದು ‘ಓಷನ್ ಫ್ರಂಟ್’. ಬಾಗಿಲು ತೆರೆದರೆ ಕೊಳಕ್ಕೇ ಇಳಿಯುವ ‘ಸ್ವಿಮ್-ಅಪ್’ ಕೋಣೆ ನಡೆಯಲು ಕಲಿಯುತ್ತಿರುವ ಮಗುವಿದ್ದ ಮನೆಗೆ ಬೇಡವೇ ಬೇಡ. ಮೂರು ಅಂತಸ್ತಿನ ಎಷ್ಟೋ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲ. ಮೊಣಕಾಲು ನೋವಿನವರಿಗೆ ನೆಲಮಹಡಿಯನ್ನು ಬರೆಸಿಕೊಳ್ಳಿ. ಅಜ್ಜ-ಅಜ್ಜಿ, ಮೊಮ್ಮಕ್ಕಳೊಂದಿಗೆ ಹೋಗುವವರಿಗೆ ಒಳಬಾಗಿಲು ಕೂಡಿದ ಎರಡು ಕೋಣೆ ಬೇಕಾಗುತ್ತದೆ. ‘ವಿನಂತಿಸಿದ್ದೇವೆ’ ಎಂಬುದು ಖಾತರಿ ಅಲ್ಲ. ವಯಸ್ಕರಿಗಷ್ಟೇ ಮೀಸಲಾದ ರೆಸಾರ್ಟ್‌ಗಳೂ ಬಹಳ. ಸ್ಯಾಂಡಲ್ಸ್ ದಂಪತಿಗಳಿಗೆ ಮಾತ್ರ, ಅದೇ ಸಂಸ್ಥೆಯ ಬೀಚಸ್ ಕುಟುಂಬಗಳಿಗೆ.

ಬಂದಿಳಿದ ಮರುದಿನ ‘ಸ್ವಾಗತ ಭೇಟಿ’, ‘ಉಚಿತ ಉಪಾಹಾರ’ ಎಂದು ಕರೆದರೆ ಅದು ಟೈಮ್‌ಶೇರ್ ಮಾರಾಟ, ಎಂದರೆ ವರ್ಷಕ್ಕೆ ಇಷ್ಟು ದಿನ ತಂಗುವ ಹಕ್ಕನ್ನು ಮುಂಚಿತವಾಗಿ ಕೊಳ್ಳುವಂತೆ ಒತ್ತಾಯ. ತೊಂಬತ್ತು ನಿಮಿಷ ಎನ್ನುತ್ತಾರೆ, ಅರ್ಧ ದಿನ ಹೋಗುತ್ತದೆ. ಮೆಕ್ಸಿಕೋದ ಕ್ಯಾನ್‌ಕೂನ್ ವಿಮಾನ ನಿಲ್ದಾಣದ ಒಳಗೇ ಟ್ಯಾಕ್ಸಿಯವರಂತೆ ಅಡ್ಡಗಟ್ಟುವವರಲ್ಲೂ ಇಂಥವರಿದ್ದಾರೆ. ನಿಲ್ಲದೆ ಹೊರಗೆ ನಡೆದು, ಮೊದಲೇ ಗೊತ್ತುಮಾಡಿದ ಬಂಡಿಯ ಫಲಕ ಹಿಡಿದವರನ್ನು ಹುಡುಕಿ.

ತಮ್ಮ ಪತ್ರಿಕೆಯಲ್ಲಿ ಇಂಥ ಪ್ಯಾಕೇಜ್ ಬಗ್ಗೆ ಬರೆಯುವಾಗ ದರದ ಪಕ್ಕದಲ್ಲೇ ತಿಂಗಳು, ತೀರದ ದಿಕ್ಕು, ತೆರಿಗೆ ಸೇರಿದೆಯೋ ಇಲ್ಲವೋ ಎಂಬ ಮೂರು ವಿವರ ಹಾಕಿದರೆ ಓದುಗರಿಗೆ ದೊಡ್ಡ ಉಪಕಾರವಾದೀತು. ಡೊಮಿನಿಕನ್‌ಗೆ ಹೋಗುವವರಿಗೆ ಇನ್ನೊಂದು: ಅಲ್ಲಿನ ಸರ್ಕಾರದ ‘ಇ-ಟಿಕೆಟ್’ ಎಂಬ ಪ್ರವೇಶ-ನಿರ್ಗಮನದ ಆನ್‌ಲೈನ್ ಅರ್ಜಿ ಪೂರ್ತಿ ಉಚಿತ. ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ. ಒಳಹೋಗುವಾಗಲೂ ಹೊರಬರುವಾಗಲೂ ಅದರ ಕ್ಯೂಆರ್ ಸಂಕೇತ ತೋರಿಸಬೇಕು, ಎರಡನ್ನೂ ಮನೆಯಲ್ಲೇ ಮುದ್ರಿಸಿಕೊಂಡು ಹೊರಡಿ.

ಇಂತಿ,
ಪ್ರವಾಸ ಏರ್ಪಾಡಿನ ಕೆಲಸದಲ್ಲಿರುವ ಓದುಗರು, ಬೆಂಗಳೂರು